ಚಿಕ್ಕಿಗೆ ತೊಡಿಸಿದ ಕಾಲುಚೀಲ

"ನೀನು ಮಲಗು. ಇವತ್ತಿನಿಂದ ಹಾಲು ಕರೆಯುವ ಇಲಾಖೆ ನನ್ನದು!" ಎಂದು ನಾನು ಚೆಂಬು ಎತ್ತಿ ಹಿಡಿದು ಘೋಷಿಸಿದಾಗ, ಜ್ವರದಿಂದ ಬಸವಳಿದಿದ್ದ ಹೆಂಡತಿ ಪಂಕಜಾಕ್ಷಿ ಶಾಲಿನೊಳಗಿಂದಲೇ ನಿಟ್ಟುಸಿರು ಬಿಟ್ಟಳು.

"ಚಿಕ್ಕಿ ಒದೀತದೆ ಮಾರಾಯ್ರೇ. ನೊಣ ಕಚ್ಚಿದ್ರೆ ಅದು ಯಜಮಾನರ ಮುಖ ಎಲ್ಲ ನೋಡುದಿಲ್ಲ. ನಾನೇ ಬರ್ತೇನೆ."

ಒದೆ ತಿನ್ನುವ ಭಯಕ್ಕಿಂತ, ಅವಳು ಎದ್ದು ಬಂದಾಳೆಂಬ ಭಯವೇ ನನಗೆ ದೊಡ್ಡದು. ಡಾಕ್ಟರು ಕೆಲಸ ಮುಟ್ಟಲೇಬಾರದು ಎಂದಿದ್ದರು. ವಾರದಿಂದ ಅವಳು ನಕ್ಕಿರಲಿಲ್ಲ. ನನ್ನನ್ನು ಬೈದೂ ಇರಲಿಲ್ಲ. ಮನೆ ಮನೆಯಂತೆಯೇ ಇರಲಿಲ್ಲ!

ಶತ್ರುವನ್ನು ಅಧ್ಯಯನ ಮಾಡದೆ ಯುದ್ಧಕ್ಕಿಳಿಯುವವನು ನಾನಲ್ಲ. ಚಿಕ್ಕಿಯನ್ನು ಕಟ್ಟುವ ಹಟ್ಟಿಯಲ್ಲಿ ಕುಳಿತು ಗಮನಿಸಿದೆ. ಈ ನೊಣಗಳಿಗೆ ದನದ ಬೆನ್ನು ಬೇಡ, ಕೊರಳು ಬೇಡ, ಕಾಲೇ ಬೇಕು. ತಲೆ ಮೇಲೆ ಮಾಡಿ ಕೂರುವುದು, ಚುಚ್ಚುವುದು, ಹೊಟ್ಟೆ ಉಬ್ಬುವಷ್ಟು ಹೀರುವುದು. ಆಮೇಲೆ ಮದುವೆಯೂಟ ಮುಗಿಸಿದ ನೆಂಟರ ಹಾಗೆ ಗೋಡೆಯಲ್ಲಿ ವಿಶ್ರಾಂತಿ! ಬಾಲ ಅಷ್ಟು ಕೆಳಗೆ ಎಟುಕುವುದಿಲ್ಲ. ಕಾಲು ಝಾಡಿಸದೆ ಚಿಕ್ಕಿ ಪಾಪ ಏನು ಮಾಡೀತು?

ಕಾಲು ಮುಚ್ಚಿದರಾಯಿತು! ನಾಯ್ಮಾರ್ಮೂಲೆಯಲ್ಲಿ ನನ್ನದು ಆಟದ ಸಾಮಾನಿನ ಅಂಗಡಿ. ವಿಶ್ವಕಪ್ ಮುಗಿದ ಮೇಲೆ ಫುಟ್‌ಬಾಲಿನ ಉದ್ದ ಕಾಲುಚೀಲಗಳು ರಾಶಿ ಉಳಿದಿದ್ದವು. ತುದಿ ಕತ್ತರಿಸಿ, ಮುಂಗಾಲಿಗೆ ಬ್ರೆಜಿಲ್, ಹಿಂಗಾಲಿಗೆ ಅರ್ಜೆಂಟೀನಾ ತೊಡಿಸಿದೆ. ಗಿಡ್ಡ ತಳಿಯ ಚಿಕ್ಕಿಗೆ ಅವು ಅಳತೆ ಕೊಟ್ಟು ಹೊಲಿಸಿದಂತೆ ಕೂತವು.

ಕಿಟಕಿಯಿಂದ ಪಂಕಜಾಕ್ಷಿಯ ಸ್ವರ ಬಂತು. "ಎಂತ ಅದು? ದನವನ್ನು ಮ್ಯಾಚಿಗೆ ಕಳಿಸ್ಲಿಕ್ಕೆ ಉಂಟಾ?"

"ವಿಜ್ಞಾನ! ನೋಡ್ತಾ ಇರು."

ನಿಜಕ್ಕೂ ಚಿಕ್ಕಿ ಕಂಬದ ಹಾಗೆ ನಿಂತಿತು! ಚೆಂಬು ತುಂಬುತ್ತಾ ಬಂತು, ನನ್ನ ಎದೆ ಉಬ್ಬುತ್ತಾ ಹೋಯಿತು.

ಆದರೆ ಹಸಿದ ನೊಣಗಳು ಉಪವಾಸ ಮಲಗುತ್ತವೆಯೇ? ಉಟ್ಟಿದ್ದ ಮುಂಡನ್ನು ಮೇಲೆತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕುಳಿತಿದ್ದ ನನ್ನ ಬರಿಗಾಲುಗಳು ಅವುಗಳ ಕಣ್ಣಿಗೆ ಬಿದ್ದವು. ಒಂದು ಚುಚ್ಚಿತು. ಸಹಿಸಿದೆ. ಇನ್ನೊಂದು ಚುಚ್ಚಿತು. ಕೈಯೆರಡೂ ಕೆಚ್ಚಲಲ್ಲಿ; ನನಗೋ ಬಾಲವೂ ಇಲ್ಲ! "ಅಯ್ಯಯ್ಯೋ!" ಎಂದು ಕಾಲು ಝಾಡಿಸಿದೆ. ಚೆಂಬು ಹಾರಿತು. ಹಾಲು ನನ್ನ ಮೇಲೆ, ನಾನು ಸೆಗಣಿಯ ಮೇಲೆ! ಚಿಕ್ಕಿ ಕದಲಲಿಲ್ಲ. ಕತ್ತು ತಿರುಗಿಸಿ ನನ್ನನ್ನೊಮ್ಮೆ ನೋಡಿತು, ಅಷ್ಟೆ.

ಬಾಗಿಲಲ್ಲಿ ಪಂಕಜಾಕ್ಷಿ ನಿಂತಿದ್ದಳು. ಬೈಗುಳಕ್ಕೆ ತಲೆ ತಗ್ಗಿಸಿದೆ. ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು! ಹೊದ್ದಿದ್ದ ಶಾಲನ್ನು ನನ್ನ ಕಾಲಿಗೆ ಸುತ್ತಿ, "ಇನ್ನು ಕರೀರಿ" ಎಂದು ಮೆಟ್ಟಿಲಲ್ಲಿ ಕುಳಿತಳು. ಅರ್ಧ ಚೆಂಬು ಹಾಲು ಸಿಕ್ಕಿತು. ಆ ಹಾಲಿಗೆ ನಾನು ಚಿಕ್ಕಿಗೆ ಋಣಿ. ಆ ನಗುವಿಗೆ, ಹೇಳಲು ನಾಚಿಕೆಯಾದರೂ, ನೊಣಗಳಿಗೆ ಋಣಿ.

ಅಷ್ಟರಲ್ಲಿ ಬಂದ್ಯೋಡಿನಿಂದ ಅವಳ ಅಕ್ಕನ ಫೋನು ಬಂತು. ಅಲ್ಲಿಂದ ಏನು ಕೇಳಿದರೋ, ಇವಳ ಉತ್ತರ ಮಾತ್ರ ಹಟ್ಟಿಗೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲ ಅಕ್ಕಾ, ದನ ಪಾಪ ಸುಮ್ಮನೆ ನಿಂತಿತ್ತು. ಒದ್ದದ್ದು ಇವರು! ನಾಳೆಯಿಂದ ಕರೆಯುವಾಗ ಇವರ ಕಾಲು ಕಟ್ಟಬೇಕು!"