ಏನೂ ಹಿಡಿಯದ ಗಾಜು

ಅವತ್ತಿನ ರಗಳೆಗೆಲ್ಲ ಮೂಲ ಒಂದು ತೂತು. ಅದೂ ಹೆಬ್ಬೆರಳು ಹೋಗುವಷ್ಟು.

ನವಲಗುಂದದ ಮಡಿವಾಳೆಪ್ಪ ಹರೆಯವನ್ನೆಲ್ಲ ಮಹಾರಾಷ್ಟ್ರದ ಒಂದು ಗಾಜಿನ ಕಾರ್ಖಾನೆಯಲ್ಲಿ ಬಾಟಲಿ ಊದುತ್ತ, ಬಾಟಲಿಗೆ ಹೊಸ ಹೊಸ ಆಕಾರ ಹುಡುಕುತ್ತ ಕಳೆದವನು. ಶಾಯಿ, ಉಪ್ಪಿನಕಾಯಿ, ಕೆಮ್ಮಿನ ಔಷಧ, ಯಾರು ಏನು ತಂದರೂ ಅದಕ್ಕೊಂದು ಹೊಟ್ಟೆ ಮಾಡಿಕೊಟ್ಟಿದ್ದ. ಊರಿಗೆ ಮರಳಿ ಹಿತ್ತಲಲ್ಲಿ ಸಣ್ಣ ಭಟ್ಟಿ ಹಾಕಿಕೊಂಡ ಮೇಲೂ ಹೊಟ್ಟೆಪಾಡು ಅದೇ ಆಯಿತು. ಆದರೆ ಮನಸ್ಸಿನ ಆಸೆ ಬೇರೆ ಇತ್ತು. ಸಾಯುವುದರೊಳಗೆ ಯಾರೂ ಏನನ್ನೂ ತುಂಬಿಡಲಾಗದ, ಸುಮ್ಮನೆ ನೋಡುವುದಕ್ಕೇ ಇರುವ ಒಂದು ಗಾಜು ಮಾಡಬೇಕು. ಹಾಗೆ ಹುಟ್ಟಿತು ಈ ಶಿಲ್ಪ. ತಿಳಿಹಸಿರು ಬಣ್ಣ, ಕೂತ ಪಾರಿವಾಳದಂಥ ಉಬ್ಬು. ಹೆಸರು ‘ಮೌನ’. ಊದಿದ ಗಾಜಿಗೆ ಕೊಳವೆ ಬಿಡಿಸಿದ ಕಡೆ ಬಾಯಿ ಉಳಿಯುತ್ತದೆ. ಮುಚ್ಚಲು ಹೋದರೆ ಒಡೆದೀತೆಂದು ಹೆದರಿ ಅದನ್ನು ಹಾಗೇ ಬಿಟ್ಟಿದ್ದ.

ಹುಬ್ಬಳ್ಳಿಯ ಕಲಾ ಪ್ರದರ್ಶನಕ್ಕೆ ಅದನ್ನು ಆರಿಸಿ ಒಯ್ಯಲು ಚಿತ್ರಕಲೆಯ ಅಮೋಘಸಿದ್ದಪ್ಪ ಮಾಸ್ತರರು ಅಂದು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಮಡಿವಾಳೆಪ್ಪ ದಾಡಿ ಮಾಡಿಸಿಕೊಂಡು, ಕನ್ನಡಿಯಂತೆ ಮಿಂಚುತ್ತ ಮನೆಗೆ ಬಂದು ನೋಡಿದರೆ ಗೂಡಿನಲ್ಲಿ ಮೌನ ಇಲ್ಲ! ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತುಕೊಟ್ಟಿದ್ದ ಸೊಟ್ಟ ಬಾಟಲಿ ಮಾತ್ರ ತನ್ನ ಜಾಗದಲ್ಲಿತ್ತು. ಅದು ತಲೆಗೆಣ್ಣೆ ವ್ಯಾಪಾರಿಯೊಬ್ಬನಿಗೆ ಮಾಡಿದ ಮಾದರಿ. ಭಟ್ಟಿಯ ಕಾವು ಏರಿ, ಕುತ್ತಿಗೆ ಬಾಗಿ, ಬಾಯಿ ಕೂಡಿಕೊಂಡುಬಿಟ್ಟಿತ್ತು. “ಇದರಾಗ ಎಣ್ಣಿ ಯಾವ ದೇವ್ರು ಬಂದು ಹಾಕ್ತಾನ್ರಿ?” ಎಂದು ವ್ಯಾಪಾರಿ ತಿರುಗಿ ಕೊಟ್ಟಿದ್ದ.

“ಏ ಶಿವಗಂಗಾ! ಇಲ್ಲಿದ್ದ ಗಾಜ ಎಲ್ಲಿ?”

ಹೆಂಡತಿ ಶಿವಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಆ ಹಸಿರ ಬಾಟ್ಲಿ ಏನ್ರಿ? ಬಾಜು ಮನಿ ಬಸಕ್ಕ ಕುಸುಬಿ ಎಣ್ಣಿ ಕೇಳಿದ್ಲು. ಅದರಾಗ ಹಾಕಿ ಕೊಟ್ಟೆ.”

“ಅದು ಬಾಟ್ಲಿ ಅಲ್ಲಾ, ಶಿಲ್ಪ!”

“ಬಾಯಿ ಐತಿ, ಹೊಟ್ಟಿ ಐತಿ. ಮತ್ತೇನಂತಾರ ಅದಕ್ಕ?”

ಮಡಿವಾಳೆಪ್ಪ ಓಡಿದ. ಬಸಕ್ಕನ ಮನೆಗೆ ಮೌನ ಹೋದದ್ದು ಅದೇ ಮೊದಲು, ಅಲ್ಲಿ ಅದು ಹೆಚ್ಚು ಹೊತ್ತು ಉಳಿದಿರಲೂ ಇಲ್ಲ.

“ಎಣ್ಣಿ ಬಗ್ಗಿಸಿಕೊಂಡು ಸ್ವಚ್ಛ ತೊಳದಿದ್ದೆ ಕಾಕಾ. ಬರೇ ಭಾಂಡೆ ಹೊಳ್ಳಿ ಕಳಸಬಾರದಲ್ರಿ, ಏನ ಹಾಕಲಿ ಅಂತ ವಿಚಾರ ಮಾಡಾಕತ್ತಿದ್ದೆ. ಅಷ್ಟರಾಗ ಮೆಹರುನಬಿ ಹಾಲು ಕೇಳಾಕ ಬಂದ್ಲು, ಅದರಾಗ ಹಾಕಿ ಕೊಟ್ಟೆ. ಕುಂದರ್ರಿ, ಚಾ ಇಡ್ತೀನಿ. ಹಂಗ ನಮ್ಮ ಕಂದೀಲಿನ ಗಾಜ ಸೀಳೇತಿ, ಒಂದೀಟು ನೋಡ್ರೆಲಾ.”

ಚಹಾ ಕುಡಿಯದೆ ಎದ್ದರೆ ಬಸಕ್ಕ ವರ್ಷಗಟ್ಟಲೆ ಎತ್ತಾಡುತ್ತಾಳೆ. ಬಾಯಿ ಸುಟ್ಟುಕೊಂಡು ಕುಡಿದು ಬೀದಿಗಿಳಿದರೆ ಕಟ್ಟೆಯ ಮೇಲೆ ಹನಮಂತಪ್ಪ ಕೂತಿದ್ದ. ಊರಿನ ಸುದ್ದಿಗೆಲ್ಲ ಅವನೇ ಅಂಚೆ.

“ಏನಪಾ ಮಡಿವಾಳೆಪ್ಪ, ಎಲ್ಲಿಗೆ ಓಡಾಕತ್ತಿ?”

“ಬಾಟ್ಲಿ ಹುಡುಕಾಕತ್ತೇನೋ ಮಾರಾಯಾ!”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. “ಕೊರಳಾಗ ಲಿಂಗ ಕಟಗೊಂಡು, ಹೊತ್ತು ಮುಳುಗೂಕಿಂತ ಮೊದಲ ಬಾಟ್ಲಿ ಬೆನ್ನ ಹತ್ಯಾನಲ್ರೋ!” ಎಂದು ಹನಮಂತಪ್ಪ ಓಣಿಗೆಲ್ಲ ಕೇಳುವಂತೆ ಮರುಗಿದ. ಇಬ್ಬರು ಮುದುಕರು ಬುದ್ಧಿ ಹೇಳಲು ಬೆನ್ನು ಹತ್ತಿದರು.

ಅವರಿಂದ ತಪ್ಪಿಸಿಕೊಂಡು ಮಡಿವಾಳೆಪ್ಪ ಮೆಹರುನಬಿಯ ಮನೆಗೆ ನುಗ್ಗಿದ. ಅವಳು ಮಗ್ಗದ ಮುಂದೆ ಕೂತು ಜಮಖಾನೆ ನೇಯುತ್ತಿದ್ದಳು. ಅವಸರದಲ್ಲಿ ಇವನ ಕಾಲು ಕೆಂಪು ನೂಲಿನ ಗುಡ್ಡೆಯಲ್ಲಿ ಸಿಕ್ಕಿತು. ಬಿಡಿಸಿಕೊಳ್ಳಲು ಕುಣಿದಷ್ಟೂ ಸುತ್ತಿಕೊಂಡಿತು.

“ಕುಣೀಬ್ಯಾಡ್ರಿ ಕಾಕಾ, ನೂಲು ಹರಿತೈತಿ!” ಎಂದು ಅವಳು ತಾನೇ ಬಿಡಿಸಿದಳು. “ಆ ಹಸಿರ ಬಾಟ್ಲಿ? ನೋಡಿದ ಕೂಡಲೇ ನಿಮ್ಮ ಕೈಕೆಲಸ ಅಂತ ಗುರ್ತು ಹಿಡದೆ. ಹಾಲು ಬಗ್ಗಿಸಿಕೊಂಡು, ತೊಳದು ಬಿಸಲಿಗೆ ಒಣಗಿಸಿ, ಈಗ ನಿಮ್ಮ ಮನಿಗೇ ಮುಟ್ಟಿಸಿ ಬಂದೆ. ಬರೇ ಬಾಟ್ಲಿ ಹೆಂಗ ಕೊಡೂದ್ರಿ? ಹೊಸಾ ಅಗಸಿ ಹಿಂಡಿ ಕುಟ್ಟಿದ್ದೆ, ಕಂಠಮಟಾ ತುಂಬೇನಿ.”

ನಿಮ್ಮ ಕೈಕೆಲಸ ಎಂದದ್ದಕ್ಕೆ ಮಡಿವಾಳೆಪ್ಪನಿಗೆ ಒಂದು ಕ್ಷಣ ಕಣ್ಣು ತುಂಬಿ ಬಂತು. ಮರುಕ್ಷಣವೇ ಆ ಅಗಸಿ ಚಟ್ನಿಪುಡಿ ನೆನಪಾಗಿ ಮನೆಯತ್ತ ದೌಡಾಯಿಸಿದ.

ಬಸ್ಸು ಬಂದಾಗಿತ್ತು. ಅಮೋಘಸಿದ್ದಪ್ಪ ಮಾಸ್ತರರು ಊಟಕ್ಕೆ ಕೂತೂ ಆಗಿತ್ತು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮೌನ. ಅದನ್ನು ಬೋರಲು ಹಿಡಿದು ತಟ್ಟಿ ತಟ್ಟಿ ಹಿಂಡಿ ಉದುರಿಸಿಕೊಳ್ಳುತ್ತಿದ್ದರು.

“ಬರ್ರಿ ಮಡಿವಾಳೆಪ್ಪನವರ! ಏನ ಬಾಟ್ಲಿ ಮಾಡೀರ್ರಿ! ಅಗದಿ ಕೈಗೆ ತಾನ ಬಂದು ಕುಂದರತೈತಿ. ಒಮ್ಮೆ ತಟ್ಟಿದ್ರ ಒಂದ ತುತ್ತಿಗೆ ಆಗೂವಷ್ಟ ಹಿಂಡಿ. ಇಂಥಾ ಡಿಸೈನ್ ಮುಂಬೈಯಾಗೂ ಸಿಗೂದಿಲ್ಲ!”

“ಮಾಸ್ತರ, ಅದು…”

“ಗೊತ್ತೈತ್ರಿ, ಇದು ಹೊಟ್ಟಿಪಾಡಿನ ಕೆಲಸ. ಕೈ ತೊಳಿಯಾಕ ಹಿತ್ತಲಕ್ಕ ಹೋದಾಗಲೇ ನಿಮ್ಮ ಶಿಲ್ಪ ಕಂಡೆ.” ಮಾಸ್ತರರು ಎದ್ದು ಹೋಗಿ ಸೊಟ್ಟ ಬಾಟಲಿಯನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದರು. ಹಿಂದೆ ಬಾಗಿಲು ಧಡ್ ಎಂದು ಬಡಿಯಿತು. “ಬಾಯಿ ಮುಚಗೊಂಡು ತಲಿ ಬಗ್ಗಿಸಿ ನಿಂತೈತಿ. ಏನೂ ತುಂಬಾಕ ಬರೂದಿಲ್ಲ. ‘ಮೌನ’ ಅಂತ ಪತ್ರದಾಗ ಹೆಸರ ಬರದಿದ್ರಲ್ಲ, ಹೆಸರಿಗೆ ತಕ್ಕಂಗ ಐತಿ. ಪ್ರದರ್ಶನದಾಗ ನಟ್ಟನಡುವ ಇಡೂಣು!”

ಮಡಿವಾಳೆಪ್ಪ ಬಾಗಿ ಆ ಕೂಡಿಕೊಂಡ ಬಾಯಿಯ ಮೇಲೆ ಬೆರಳಾಡಿಸಿ ನೋಡಿದ. ಜನ್ಮವೆಲ್ಲ ಹಂಬಲಿಸಿದ ಗಾಜನ್ನು ತಾನು ಯಾವಾಗಲೋ ತಪ್ಪಿ ಮಾಡಿ ಬಾಗಿಲಿಗೆ ಒತ್ತುಕೊಟ್ಟಿದ್ದ. ನಗುವುದೋ ಅಳುವುದೋ ಅವನಿಗೆ ತಿಳಿಯಲಿಲ್ಲ.

ಬಸ್ಸಿನ ಹೊತ್ತಾಯಿತು. ಮಾಸ್ತರರು ಸೊಟ್ಟ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತುವಾಗ ಶಿವಗಂಗವ್ವ ಅದನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ಬಾಯಿ ಹುಡುಕಿದಳು. “ಅಯ್ಯ, ಇದರಾಗ ಏನೂ ಹಾಕಾಕ ಬರೂದಿಲ್ಲಲ್ರಿ! ಮನಿಗೆ ಬಂದವರನ್ನ ಬರೇ ಕೈಲೆ ಹೆಂಗ ಕಳಸೂದು?”

ಮಡಿವಾಳೆಪ್ಪ ಅವರಿಗೆ ಜಾಗ ಹಿಡಿಯಲು ಮುಂದೆ ಓಡಿದ. ಬಸ್ಸು ಹೊರಟು, ಮಾಸ್ತರರು ಕಿಟಕಿಯಿಂದ ಚೀಲ ಎತ್ತಿ ತೋರಿಸಿ ಕೈಮುಗಿದಾಗಲೇ ಅವನಿಗೆ ಕಂಡದ್ದು: ಚೀಲದ ಬಾಯಲ್ಲಿ ತಿಳಿಹಸಿರು ಕುತ್ತಿಗೆ, ಅದಕ್ಕೊಂದು ಅರಿವೆಯ ಬಿರಡೆ.

“ಶಿವಗಂಗಾ, ನನ್ನ ಶಿಲ್ಪ ಹಿಂಡಿ ಸುದ್ದಾ ಹೋತಲ್ಲ!” ಎಂದು ಮನೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತ.

“ಎಲ್ಲಿ ಹೋಗತೈತ್ರಿ? ಮಾಸ್ತರ ಮನಿ ಛಲೋ ಐತಿ, ಹೊಳ್ಳಿ ಕಳಸತಾರ. ಬರೇ ಬಾಟ್ಲಿ ಅಂತೂ ಕಳಸಂಗಿಲ್ಲ,” ಎಂದಳು ಶಿವಗಂಗವ್ವ. ಹಿತ್ತಲ ಬಾಗಿಲು ಮತ್ತೆ ಧಡ್ ಎಂದಿತು. “ಅಲ್ಲೀತನಕ ಈ ಬಾಗಲಕ್ಕ ಇನ್ನೊಂದು ಶಿಲ್ಪ ಮಾಡಿಕೊಡ್ರಿ.”