ಲಿನಕ್ಸಿಗೆ ಬಂದ ಹಳೇಬೀಡಿನ ಸ್ಕೋರು

ಕಂಪ್ಯೂಟರ್ ರಿಪೇರಿಯವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಜನ ನಂಬಿರುವವರೆಗೂ ನನಗೆ ಇಂಥ ಪಜೀತಿ ತಪ್ಪುವುದಿಲ್ಲ. ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ನನ್ನ ಅಂಗಡಿ. ಗೊತ್ತಿಲ್ಲ ಎನ್ನಲು ನನಗೂ ನಾಚಿಕೆ. ಎಲ್ಲದರ ಮೂಲವೇ ಅದು.

೧. ಮೂರು ಟೀ

ಹಳೇಬೀಡಿನಲ್ಲಿ ಹೋಟೆಲಿಟ್ಟಿರುವ ಯಜಮಾನರೊಬ್ಬರು ಪೆನ್‌ಡ್ರೈವ್ ಹಿಡಿದು ಬಂದರು. ಅವರ ಹೋಟೆಲಿನ ಮೂಲೆಯಲ್ಲಿ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆ ಇತ್ತು. ಪರದೆ ಸುಟ್ಟು ವರ್ಷಗಳಾಗಿದ್ದವು. ಒಳಗಿನ ಫೈಲುಗಳನ್ನೂ, ಅವನ್ನು ಈಗಿನ ಕಂಪ್ಯೂಟರಿಗೆ ಹೊಂದುವಂತೆ ಬದಲಿಸುವ ಪುಟ್ಟ ಪ್ರೋಗ್ರಾಮನ್ನೂ ಯಾರೋ ಮೆಕ್ಯಾನಿಕ್ ತುಂಬಿಕೊಟ್ಟಿದ್ದ. ಪ್ರೋಗ್ರಾಮು ವಿಂಡೋಸಿನದು, ಯಜಮಾನರ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸು; ಒಂದರದು ಇನ್ನೊಂದರಲ್ಲಿ ಓಡುವುದಿಲ್ಲ.

"ಆಟ ಹೋದ್ರೆ ಹೋಗ್ಲಿ ಕಣ್ರೀ, ಸ್ಕೋರು ಉಳೀಬೇಕು. ಪರದೆ ಸುಟ್ಟ ದಿನ ಬೆಳಿಗ್ಗೆ ನಾನೇ ಫಸ್ಟ್ ಬಂದಿದ್ದೆ. ನಮ್ಮನೆಯವಳಿಗೆ ಹೇಳಿದ್ರೆ ಸುಮ್ನೆ ನಗ್ತಾಳೆ. ಅವಳಿಗೆ ತೋರಿಸ್ಬೇಕು."

"ಪ್ರೋಗ್ರಾಮನ್ನೇ ಲಿನಕ್ಸಿಗೆ ಒಗ್ಗಿಸಬೇಕು, ಸಾಲುಸಾಲಾಗಿ ತಿದ್ದಬೇಕು," ಎಂದೆ.

"ತಿದ್ರಿ, ಕೂತಿರ್ತೀನಿ."

ಕೂತೇಬಿಟ್ಟರು. ಮೂರು ಟೀ ಕುಡಿದು, ಸಂಜೆ ಬಸ್ಸಿಗೆ ಏಳುವಾಗ ಹೇಳಿದರು: "ಪಂಚರ್ ಆಗಿದ್ರೆ ಇಷ್ಟೊತ್ತಿಗೆ ಆಗೋಗಿರೋದು."

೨. ಬಾಯಿ ಬಿಡದ ಪ್ರೋಗ್ರಾಮು

ಒಂದು ವಾರ ತಿದ್ದಿ ಪ್ರೋಗ್ರಾಮು ಓಡಿಸಿದೆ. ಏನೂ ಕಾಣಲಿಲ್ಲ. ವಿಂಡೋಸಿನಲ್ಲಾದರೆ ಕೆಲಸ ಮುಗಿದೊಡನೆ 'ಆಯಿತು' ಎಂದು ತೋರಿಸುತ್ತದೆ. ಇಲ್ಲಿ ಕರ್ಸರ್ ಮಿಣುಕುತ್ತ ಕೂತಿತ್ತು. ಮತ್ತೆ ತಿದ್ದಿದೆ, ಮತ್ತೆ ಓಡಿಸಿದೆ. ಎಲ್ಲಿ ತಪ್ಪಿದೆ ಎಂದೇ ತಿಳಿಯದೆ ತಲೆ ಕೆಟ್ಟು, ಬಾಣಾವರದ ಕಂಪ್ಯೂಟರ್ ಮೇಷ್ಟರಿಗೆ ಫೋನ್ ಮಾಡಿದೆ.

"ಫೋಲ್ಡರ್ ತೆಗೆದು ನೋಡಿದ್ರಾ?"

ನೋಡಿರಲಿಲ್ಲ. ತೆಗೆದರೆ ಬದಲಾದ ಫೈಲುಗಳು ಅಲ್ಲೇ ಇದ್ದವು; ಕೆಲಸ ಮೊದಲ ಸಲವೇ ಆಗಿತ್ತು.

"ಲಿನಕ್ಸು ಹಂಗೇ ಕಣ್ರೀ. ಕೆಲಸ ಆದ್ರೆ ಸುಮ್ನಿರುತ್ತೆ, ಎಡವಟ್ಟಾದ್ರೆ ಬಾಯಿ ಬಿಡುತ್ತೆ," ಎಂದರು.

ನಾನು ಇಪ್ಪತ್ತು ವರ್ಷ ಸಂಸಾರ ಮಾಡಿದವನು. ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದು ನನಗೆ ಹೇಗೆ ಹೊಳೆಯಬೇಕು?

೩. ಎ ಎ ಎ

ಹಳೇಬೀಡಿಗೆ ಹೋಗಿ ಅವರ ಕಂಪ್ಯೂಟರಿನಲ್ಲಿ ಆಟ ತೆರೆದೆ. ಸ್ಕೋರುಪಟ್ಟಿ ಬಂತು. ಎರಡನೆಯದರಿಂದ ಕೊನೆಯವರೆಗೂ ಯಜಮಾನರು ಹೆಸರಿನ ಬದಲು ಹಾಕುತ್ತಿದ್ದ ಮೂರಕ್ಷರವೇ. ಮೊದಲ ಸ್ಥಾನದಲ್ಲಿ ಮಾತ್ರ 'ಎ ಎ ಎ'.

"ಯಾರ್ರೀ ಇವನು? ನನ್ನ ಜಾಗ ಏನ್ ಮಾಡಿದ್ರಿ?"

ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದೆ. ಮೂರು ದಿನ ತಪ್ಪು ಹುಡುಕಿದೆ. ಹಳೆಯ ವಿಂಡೋಸ್ ಯಂತ್ರವೊಂದನ್ನು ಬೇಡಿ ತಂದು ಮೂಲ ಪ್ರೋಗ್ರಾಮನ್ನೇ ಓಡಿಸಿದೆ. ಅಲ್ಲೂ 'ಎ ಎ ಎ'. ಅಂದರೆ ಅದು ಪೆಟ್ಟಿಗೆಯಲ್ಲೇ ಇದ್ದ ಹೆಸರು.

ಮತ್ತೆ ಹೋಗಿ, "ಯಜಮಾನ್ರೇ, ತಪ್ಪು ನನ್ನದಲ್ಲ. ಹೆಸರು ಹಾಕದೆ ಬರೀ ಬಟನ್ ಒತ್ತಿದ್ರೆ ಹೀಗೆ ಬರುತ್ತೆ. ಯಾರೋ ಆಡಿದ್ದಾರೆ," ಎಂದೆ.

"ಸಾಧ್ಯನೇ ಇಲ್ಲ. ಅವತ್ತು ಮಧ್ಯಾಹ್ನ ಬೇಲೂರಿಗೆ ಸಾಮಾನು ತರೋಕೆ ಹೋಗಿದ್ದೆ, ಸಂಜೆ ಬರೋ ಹೊತ್ತಿಗೆ ಪರದೆ ಸುಟ್ಟಿತ್ತು. ಹೋಟ್ಲಲ್ಲಿ ಇವಳೊಬ್ಬಳೇ ಇದ್ದಿದ್ದು."

ಇಬ್ಬರೂ ಅಡಿಗೆಮನೆಯ ಕಡೆ ತಿರುಗಿದೆವು. ಅವರ ಹೆಂಡತಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಹೆಸರು ಹಾಕೋಕೆ ಎಲ್ಲಿ ಪುರುಸೊತ್ತಿತ್ತು? ಒಲೆ ಮೇಲೆ ಸಾರು ಉಕ್ತಾ ಇತ್ತು," ಎಂದು ಒಳಗೆ ಹೋದರು.

ಯಜಮಾನರು ಅಡಿಗೆಮನೆಯ ಬಾಗಿಲು ಮುಂದೆಳೆದರು. ಆಮೇಲೆ ನನ್ನ ಹತ್ತಿರ ಸರಿದು ಪಿಸುಗುಟ್ಟಿದರು: "ಇದನ್ನ ಮತ್ತೆ ವಿಂಡೋಸ್‌ಗೇ ಕಳಿಸ್ಬಿಡೋಕಾಗುತ್ತೇನ್ರೀ?"