ನೀರೆತ್ತದ ಇಂಜಿನ್

ಕೆರೆ ತುಂಬಿದ ವರ್ಷದ ನನ್ನ ಡೈರಿಯಲ್ಲಿ ನವೆಂಬರ್ ಒಂಬತ್ತರ ಕೆಳಗೆ ಒಂದೇ ಸಾಲಿದೆ: "ಮೈದುನ ದೋಣಿ ಕೊಂಡ." ಬಿ.ಎಸ್ಸಿ. ಮುಗಿಸಿ ಚಳ್ಳಕೆರೆಯ ಈ ಎಣ್ಣೆ ಮಿಲ್ಲಿನ ಮನೆಗೆ ಸೊಸೆಯಾಗಿ ಬಂದಂದಿನಿಂದ ಡೈರಿ ಬರೆಯುತ್ತಿದ್ದೇನೆ. ಬರೆಯಲು ಏನೂ ಇಲ್ಲದ ದಿನವನ್ನು ಈ ಮನೆಯವರು ನನಗೆ ಕೊಟ್ಟೇ ಇಲ್ಲ.

ದೇವಸಮುದ್ರದ ಕಡೆಯ ಕೆರೆಯೊಂದರಲ್ಲಿ ಕಳೆ ತೆಗೆಯುವ ಗುತ್ತಿಗೆ ಇತ್ತು. ದೋಣಿ ಓಡಿಸಿ ತೋರಿಸಿದರೆ ಗುತ್ತಿಗೆ ನಮ್ಮದು. "ಕಳೆ ಕೀಳಾಕೆ, ಹೂಳು ಸಾಗ್ಸಾಕೆ, ಮೀನು ಹಿಡಿಯಾಕೆ, ಎಲ್ಲಾದಕ್ಕೂ ಇದೊಂದೇ ಸಾಕು ಅತ್ತಿಗೆ" ಎಂದು ಮೈದುನ ನನ್ನ ತವರಿನವರು ಕೊಟ್ಟ ಹುಣಸೆ ತೋಪನ್ನು ಒತ್ತೆ ಇಡಿಸಿದ. ಗುತ್ತಿಗೆ ತಪ್ಪಿದರೆ ತೋಪೂ ಹೋದಂತೆಯೇ.

೧. ನಿಂಬೆಹಣ್ಣು

ದೋಣಿ ಲಾರಿಯಿಂದ ಇಳಿಯಿತು. ಅದರ ಬೆನ್ನಿಗೆ ತಗುಲಿಸುವ ಡೀಸೆಲ್ ಇಂಜಿನ್, ಇಂಜಿನ್ನಿನ ಕೆಳತುದಿಗೊಂದು ಫ್ಯಾನು. ಪೂಜಾರಿ ನಿಂಬೆಹಣ್ಣು ಹಿಡಿದು ಒಂದು ಸುತ್ತು ಬಂದರು.

"ಚಕ್ರ ಎಲ್ಲೈತ್ರಿ ಅಮ್ಮಾ?"

"ದೋಣಿಗೆ ಚಕ್ರ ಇರೋದಿಲ್ಲ."

"ಮತ್ತೆ ಹಣ್ಣು ಯಾವುದ್ರ ಕೆಳಗೆ ಇಡ್ಲಿ?"

"ತಿರುಗೋದು ಇದೇ ಅಲ್ವೇನ್ರಿ?" ಎಂದ ಮೈದುನ, ಫ್ಯಾನಿನ ಸಂದಿಗೆ ಹಣ್ಣು ಇಡಿಸಿ ಇಂಜಿನ್ ಚಾಲೂ ಮಾಡಿದ. ಯಾರ ಕಣ್ಣೂ ಬೀಳದಿರಲಿ ಎಂದು ಇಟ್ಟ ಹಣ್ಣು ಹೋಳಾಗಿ ಹಾರಿ ನೇರ ಪೂಜಾರಿಯ ಕಣ್ಣಿಗೆ ಬಿತ್ತು.

೨. ಎಷ್ಟು ಇಂಚು?

ನೀರಿಲ್ಲದೆ ಇಂಜಿನ್ ಓಡಿಸಬಾರದು ಎಂದು ಕೈಪಿಡಿಯಲ್ಲಿತ್ತು. ಓದಿದವಳು ನಾನೊಬ್ಬಳೇ. ಹಾಗಾಗಿ ಓಡಿಸಿ ನೋಡಲು ನನ್ನಿವಾಳದ ನಮ್ಮ ಹೊಲದಲ್ಲಿ, ಕುರಿಗಳು ನೀರು ಕುಡಿಯುವ ತೊಟ್ಟಿಯ ಗೋಡೆಗೆ ಅದನ್ನು ಬಿಗಿಸಿದೆವು.

"ಎಷ್ಟು ಇಂಚು ನೀರು ಎತ್ತತೈತೆ?" ಕುರಿಗಾರ ಕೇಳಿದ. ಬೋರ್‌ವೆಲ್ ನಂಬಿ ಬದುಕುವವರು ಯಾವ ಇಂಜಿನ್ ಕಂಡರೂ ಕೇಳುವುದು ಇದನ್ನೇ.

"ನೀರು ಎತ್ತೋದಿಲ್ಲಪ್ಪ, ದೋಣಿ ತಳ್ಳುತ್ತೆ."

"ನೀರೆತ್ತದ ಇಂಜಿನ್ನಿಗೆ ಡೀಸೆಲ್ ಯಾಕ್ರಿ ದಂಡ?"

ಮೈದುನ ಇಂಜಿನ್ ಶುರು ಮಾಡಿದ. ನೋಡನೋಡುತ್ತ ತೊಟ್ಟಿ ಖಾಲಿ. ಕುರಿಗಳೆಲ್ಲ ತೊಯ್ದು ಅರ್ಧ ಗಾತ್ರಕ್ಕೆ ಇಳಿದಿದ್ದವು. ಕುರಿಗಾರ ಮುಖ ಒರೆಸಿಕೊಂಡು ಹೇಳಿದ: "ನಾಕಿಂಚು ಐತೆ ಬಿಡ್ರಿ."

೩. ಬೀಗ

ನಮ್ಮ ಕಡೆ ಪಂಪ್‌ಸೆಟ್ ಮೋಟರಿಗೆ ಸರಪಳಿ ಹಾಕದಿದ್ದರೆ ಅದು ಬೆಳಗ್ಗೆ ಇರುವುದಿಲ್ಲ. ಆ ಅಭ್ಯಾಸದಲ್ಲಿ ಮೈದುನ ಪರೀಕ್ಷೆಯ ಹಿಂದಿನ ಸಂಜೆ ಇಂಜಿನ್ನಿಗೆ ಉದ್ದನೆಯ ಸರಪಳಿ ಬಿಗಿದು, ಕೆರೆ ದಡದ ಬೇವಿನ ಮರಕ್ಕೆ ಬೀಗ ಜಡಿದಿದ್ದ. ಮರುದಿನ ಸರಪಳಿ ನೀರಿನಡಿ ಮುಳುಗಿತ್ತು, ಇಂಜಿನ್ ಹೂವಿನ ಹಾರಗಳಡಿ.

ಪರೀಕ್ಷಿಸಲು ಬಂದ ಸಾಹೇಬರು ಕರಿ ಕನ್ನಡಕ ಏರಿಸಿ ದೋಣಿಯಲ್ಲಿ ಕೂತರು. "ಸ್ಪೀಡ್ ಎಷ್ಟಿದೆ?"

"ನೋಡ್ರಿ ಸಾರ್ ಈಗ!"

ದೋಣಿ ಬಾಣದಂತೆ ಹೊರಟಿತು. ಸರಪಳಿ ಮುಗಿಯಿತು. ಇಂಜಿನ್ ಕಿತ್ತುಕೊಂಡು ನೀರಿಗೆ ಬಿತ್ತು. ದೋಣಿ ಮಾತ್ರ ಸಾಹೇಬರು, ಮೈದುನ ಇಬ್ಬರ ಸಮೇತ ಮುಂದೆ ಹೋಗಿ ಕಳೆಯ ನಡುವೆ ಸಿಕ್ಕಿಕೊಂಡಿತು.

"ಬೀಗ ತೆಗೀರಲೇ! ಇಂಜಿನ್ ಎಳೀರಿ!" ಮೈದುನ ಅಲ್ಲಿಂದಲೇ ಕೂಗಿದ.

"ಕೀಲಿ ಎಲ್ಲೈತಪ್ಪ?" ದಡದಿಂದ ನಾನು ಕೇಳಿದೆ.

ಅವನು ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಅವನ ಜೊತೆಗೇ ಕೆರೆಯ ನಡುವೆ ಇತ್ತು.

ಎಮ್ಮೆ ಕಾಯುವ ಮುದುಕಿಯೊಬ್ಬಳು ಎಮ್ಮೆಯ ಮೇಲೆ ಹೋಗಿ ಸಾಹೇಬರನ್ನು ಕರೆತಂದಳು. ಅವರು ವರದಿಯಲ್ಲಿ ಬರೆದರು: "ಇಂಜಿನ್ ಭದ್ರವಾಗಿದೆ. ದೋಣಿಯೊಂದಿಗೆ ಅದಕ್ಕೆ ಸಂಬಂಧ ಕಂಡುಬರಲಿಲ್ಲ."

ಗುತ್ತಿಗೆ ಬೇರೆಯವರಿಗೆ ಹೋಯಿತು. ಕೊನೆಗೆ ಬಿದ್ದ ಖರ್ಚು: ನನ್ನ ಹುಣಸೆ ತೋಪು. ಈ ವರ್ಷ ಸಾರಿಗೆ ಹುಣಸೆಹಣ್ಣನ್ನು ಅಂಗಡಿಯಿಂದ ತಂದೆ. ಬೀಗ ಮಾತ್ರ ಗಟ್ಟಿಯಾಗಿದೆ. ಹುಣಸೆ ಡಬ್ಬಕ್ಕೆ ಹಾಕಿದ್ದೇನೆ; ಕೀಲಿ ನನ್ನ ಹತ್ತಿರವೇ ಇದೆ.